ಇನ್ನೊಂದೇ ಸತ್ಕಾರ

ಆಗೆಲ್ಲ ನಮ್ಮೂರು ಮನೋಳಿಗೆ ವಿಜ್ಞಾನ ಬರಬೇಕಾದರೆ ಜೀಪಿನಲ್ಲೇ ಬರಬೇಕಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ವಿಶ್ವವಿದ್ಯಾಲಯದ ಲೈಬ್ರರಿಯ ಬಳಗವೊಂದು ರವಿವಾರಕ್ಕೊಂದು ಊರಿನಂತೆ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಂದು ತಿರುಗಿ ಭಾಷಣ ಮಾಡುತ್ತಿತ್ತು, ಮಕ್ಕಳನ್ನು ಹೊಲಕ್ಕೋ ಹೊಳೆಗೋ ಕರೆದೊಯ್ದು ಏನಾದರೂ ತೋರಿಸುತ್ತಿತ್ತು. ಚಳಿಗಾಲದಲ್ಲಿ ನಮ್ಮ ಪಾಳಿ ಬಂತು. ಅರ್ಧ ತಾಸು ಭಾಷಣ, ಆಮೇಲೆ ಮಲಪ್ರಭೆಯ ದಂಡೆಗೆ ಹೋಗಿ ಹೊಳೆ ನೀರನ್ನು ಸೂಕ್ಷ್ಮದರ್ಶಕದಲ್ಲಿ, ನಮ್ಮೂರ ಬಾಯಲ್ಲಿ ದುರ್ಬೀನಿನಲ್ಲಿ, ನೋಡುವುದು.

ನಾನು ಏಳನೆಯ ತರಗತಿ. ಆ ವರ್ಷವಿಡೀ ಆಯಿಯ ಜೊತೆ, ಅಂದರೆ ಅಪ್ಪನ ಅವ್ವನ ಜೊತೆ, ನೀರಿನದೇ ಜಗಳ. ತಮ್ಮನಿಗೆ ಮೇಲಿಂದ ಮೇಲೆ ಹೊಟ್ಟೆ ಕೆಡುತ್ತಿತ್ತು. ಆಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು, ಮನೆಯೆಲ್ಲ ಘಾಟು. ನೀರು ಕುದಿಸೋಣ ಎಂದರೆ ಸಿಡಿದೇಳುತ್ತಿದ್ದಳು.

“ನಮ್ಮ ಹೊಳ್ಯಾಗ ಹುಳ ಅದಾವಂತೀ? ಇದ ನೀರು ಕುಡದ ನಿಮ್ಮಪ್ಪನ್ನ ಹಡದೇನಿ!”

“ದುರ್ಬೀನಿನ್ಯಾಗ ತೋರಸ್ತಾರಂತ, ಬಂದು ನೋಡ ಬೇ,” ಎಂದೆ, ಬರಲಾರಳು ಎಂದುಕೊಂಡೇ.

“ಬರತೇನಿ. ನನ್ನ ಕಣ್ಣಿಗೆ ಕಂಡ್ರ ನಾಳಿಂದ ಕುದಿಸೇ ಕುಡಿಯೂಣು.”

ಬಂದೇಬಿಟ್ಟಳು. ಕೈಯಲ್ಲಿ ತಾನೇ ಹೊಳೆಯಿಂದ ತುಂಬಿ ತಂದ ತಂಬಿಗೆ. “ಅವರು ಎಲ್ಲೀದೋ ನೀರು ತಂದು ನಮ್ಮ ಹೊಳೀದು ಅಂದ್ರ?”

ಚಾವಡಿಯ ಮುಂದೆ ಮೂರಕ್ಕೆ ಶುರುವಾಯಿತು. ಸ್ವಾಗತ ಗೀತೆ, ಸ್ವಾಗತ ಭಾಷಣ, ಪ್ರಾಸ್ತಾವಿಕ. ನಂತರ ಸತ್ಕಾರ. ಬಂದವರು ನಾಲ್ವರು, ನಾಲ್ವರಿಗೂ ಶಾಲು, ಚೆಂಡುಹೂವಿನ ಮಾಲೆ, ತೆಂಗಿನಕಾಯಿ. ಜೀಪಿನ ಡ್ರೈವರನಿಗೂ ಆಯಿತು. ಮೈಕು ಕೊಟ್ಟವರಿಗೆ, ಪೆಂಡಾಲು ಹಾಕಿಸಿದವರಿಗೆ, ಅವರ ಬೀಗರಿಗೆ. ಪ್ರತಿಯೊಬ್ಬರೂ ‘ಎರಡೇ ಮಾತು’ ಎಂದು ಮೈಕು ಹಿಡಿದರೆ ಬಿಡುವ ಮಾತೇ ಇಲ್ಲ. ನನಗೆ ಅಳು ಬರುವಷ್ಟು ಸಿಟ್ಟು.

ಸೂಕ್ಷ್ಮದರ್ಶಕದ ಪೆಟ್ಟಿಗೆ ತಂದಿದ್ದ ಲೈಬ್ರರಿಯ ಮೇಡಂ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಮತ್ತೆ ಮತ್ತೆ ಆಕಾಶ ನೋಡುತ್ತಿದ್ದರು. ಆ ಸೂಕ್ಷ್ಮದರ್ಶಕಕ್ಕೆ ಕೆಳಗೊಂದು ಕನ್ನಡಿ. ಹಗಲಿನ ಬೆಳಕಿಲ್ಲದೆ ಅದು ನಡೆಯದು.

“ಬೆಳಕು ಹೊಂಟೈತ್ರೀ,” ಎಂದರು ಊರ ಹಿರಿಯರೊಬ್ಬರಿಗೆ.

“ಆತ್ರಿ ಬಾಯಾರ, ಇನ್ನೊಂದ ಸತ್ಕಾರ. ಮಾಡಲಿಲ್ಲಂದ್ರ ಮಂದಿ ಸಿಟ್ಟಾಗತಾರ್ರಿ.”

ಆ ಇನ್ನೊಂದು ಸತ್ಕಾರ ನಮ್ಮ ಆಯಿಯದೇ. ಕುಳಿತವರಲ್ಲಿ ಎಲ್ಲರಿಗಿಂತ ಹಿರಿಯಳು ಎಂದು ಯಾರಿಗೋ ಹೊಳೆದು, ಬೇಡಬೇಡವೆಂದರೂ ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. ಆಮೇಲೆ ಉಪ್ಪಿಟ್ಟು, ಚಹಾ. ಭಾಷಣ ಐದೇ ನಿಮಿಷ. ಅಷ್ಟರಲ್ಲಿ ಹೊತ್ತು ಮುಳುಗಿ ಹೊಳೆಗೆ ಹೋಗುವುದು ರದ್ದು.

ನನ್ನ ಹಟಕ್ಕೆ ಬಾಯಾರು ಅಲ್ಲೇ ಪೆಟ್ಟಿಗೆ ಬಿಚ್ಚಿದರು. ತಂಬಿಗೆಯ ಒಂದು ಹನಿಯನ್ನು ಗಾಜಿನ ಮೇಲಿಟ್ಟರು. ಆಯಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಾಯಾರು ಕನ್ನಡಿ ತಿರುಗಿಸಿ ತಿರುಗಿಸಿ ಸೋತರು.

“ಏನೂ ಇಲ್ಲವ್ವಾ. ಬರೇ ಕಪ್ಪು.”

“ಬೆಳಕಿಲ್ಲ ಆಯಿ. ಮುಂದಿನ ಸಲ ಮೊದಲ ನಿಮಗ ತೋರಸ್ತೇನ್ರಿ.”

ಮುಂದಿನ ಸಲ ಬರಲೇ ಇಲ್ಲ. ಆಯಿ ಮನೆಗೆ ಬಂದವಳೇ ಉಳಿದ ನೀರನ್ನು ಲೋಟಕ್ಕೆ ಬಗ್ಗಿಸಿ ತಮ್ಮನ ಕೈಗೆ ಕೊಟ್ಟಳು. “ಕುಡಿ ಮಗನ. ಏನೂ ಇಲ್ಲ, ನಾನ ನೋಡೇನಿ.” ಕತ್ತಲಾಗಿತ್ತು ಬೇ, ಅದಕ್ಕೇ ಕಾಣಲಿಲ್ಲ ಎಂದು ನಾನು ಕಿರುಚಾಡಿದೆ. ಕೇಳುವವರು ಯಾರು? ಓಣಿಗೆಲ್ಲ ಅದೇ ಸುದ್ದಿ: ಯುನಿವರ್ಸಿಟಿಯವರ ದುರ್ಬೀನಿನಲ್ಲಿ ಆಯಿ ನೋಡಿ ಬಂದಿದ್ದಾಳೆ, ನಮ್ಮ ಹೊಳೆ ಶುದ್ಧ. ನೀರು ಕುದಿಸುತ್ತಿದ್ದ ಪಕ್ಕದ ಮನೆಯವರೂ ಬಿಟ್ಟರು. ತಮ್ಮನ ಹೊಟ್ಟೆನೋವು ಹಾಗೇ ಉಳಿಯಿತು.

ಮುಂದೆ ಕಾಲೇಜಿನಲ್ಲಿ ಅಂಥದೇ ಒಂದು ಹನಿಯಲ್ಲಿ ಜೀವಗಳು ಓಡಾಡುವುದನ್ನು ನೋಡಿದೆ. ಅಷ್ಟರಲ್ಲಿ ಆಯಿ ಇರಲಿಲ್ಲ. ಆ ಬಳಗವೂ ಚದುರಿತ್ತು. ಈಗ ಮೊಬೈಲಿನಲ್ಲಿ ಎಲ್ಲವೂ ಕಾಣುತ್ತದೆ, ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತು. ತಾನು ನಂಬಿದ್ದು ಸುಳ್ಳಾದರೂ ಆಗಲಿ, ನೋಡಿಯೇ ಬಿಡುತ್ತೇನೆ ಎಂದು ಬರುವವರನ್ನು ನಾನು ಮತ್ತೆ ಕಂಡಿಲ್ಲ. ನಮ್ಮೂರಲ್ಲಿ ಅಂಥವಳೊಬ್ಬಳು ಬಂದಿದ್ದಳು. ಆಕೆಗೆ ಕತ್ತಲೆ ತೋರಿಸಿ ಕಳಿಸಿದೆವು.