ರತ್ನಮ್ಮನವರ ದಪ್ಪ ಚುಕ್ಕಿ

ಕೆಲವು ವರ್ಷ ನಾನು ಚುಕ್ಕಿ ಇಟ್ಟು ಗೆರೆ ಎಳೆದು ಸಂಬಳ ಪಡೆದವಳು. "ರಂಗೋಲಿಗೂ ಸಂಬಳ ಕೊಡ್ತಾರೇನೇ?" ಎಂದು ಅಮ್ಮ ಕೇಳಿದ್ದುಂಟು. ಯಾರು ಯಾರ ನೆರವು ಪಡೆಯುತ್ತಾರೆ ಎಂಬುದನ್ನು ಚಿತ್ರ ಬಿಡಿಸಿ ತೋರಿಸುವ ವಿದ್ಯೆ ಅದು. ಮನುಷ್ಯರೆಲ್ಲ ಚುಕ್ಕಿಗಳು, ಸಂಬಂಧಗಳು ಗೆರೆಗಳು; ಹೆಚ್ಚು ಜನ ನೆಚ್ಚಿಕೊಂಡಷ್ಟೂ ಚುಕ್ಕಿ ದಪ್ಪ. ಹೆಸರು ಮಾತ್ರ ಭಾರೀ: ಸಾಮಾಜಿಕ ಜಾಲ ವಿಶ್ಲೇಷಣೆ. ಮದುವೆಮನೆಯಲ್ಲಿ ಪಕ್ಕದ ಎಲೆಯವರನ್ನು "ನೀವು ಯಾರ ಕಡೆಯವರು?" ಎಂದು ಕೇಳಿ, ಪಾಯಸ ಬರುವಷ್ಟರಲ್ಲಿ ನೆಂಟಸ್ತಿಕೆ ಹುಡುಕಿಬಿಡುತ್ತಿದ್ದ ನಮ್ಮ ದೊಡ್ಡಮ್ಮನಿಗೆ ಇದು ಕಂಪ್ಯೂಟರಿಲ್ಲದೆಯೇ ಬರುತ್ತಿತ್ತು.

ಹೆಬ್ಬಾಳದಿಂದ ಯಲಹಂಕದ ಕಡೆಗೆ ಮೇಲ್ರಸ್ತೆ ಆಗಷ್ಟೇ ತೆರೆದಿತ್ತು. ನಾನಿದ್ದ ಸಂಶೋಧನಾ ಸಂಸ್ಥೆಯಲ್ಲಿ ಸುತ್ತಲಿನ ಕೆರೆಗಳ ಅಧ್ಯಯನ ನಡೆಯುತ್ತಿತ್ತು. ಒಂದು ತಂಡ ನೀರು ಪರೀಕ್ಷಿಸುತ್ತಿತ್ತು, ಇನ್ನೊಂದು ಹಕ್ಕಿ ಎಣಿಸುತ್ತಿತ್ತು. ಎರಡೂ ತಂಡಗಳ ಮಾಹಿತಿ ಒಂದೇ ಸರ್ವರಿನಲ್ಲಿ ಇರುತ್ತಿತ್ತು.

ಒಂದು ದಿನ ನಿರ್ದೇಶಕರು ನನ್ನನ್ನು ಕರೆದರು. "ಒಬ್ರ ಮಾಹಿತಿ ಇನ್ನೊಬ್ರು ಬಳಸ್ತಾನೇ ಇಲ್ಲ ಅಂದ್ರೆ ಎಲ್ಲರಿಗೂ ಸೇರಿ ಒಂದು ಸರ್ವರ್ ಯಾಕ್ರೀ? ಮುಚ್ಚಿಬಿಡೋಣ. ಅದಕ್ಕೆ ಮುಂಚೆ ನಿಮ್ಮ ಚಿತ್ರ ಒಂದು ಬಿಡಿಸಿಕೊಡಿ."

ವಿಜ್ಞಾನಿಗಳೆಲ್ಲರ ಪಟ್ಟಿ ಮಾಡಿ, "ಬೇರೆಯವರ ಮಾಹಿತಿ ಬಳಸಲು ಯಾರ ನೆರವು ಪಡೆದಿರಿ?" ಎಂದು ನಮೂನೆ ಹಂಚಿದೆ. ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿದ್ದೆ. ನಟ್ಟನಡುವೆ ನಾನೇ ಇರುತ್ತೇನೆಂಬ ಸಣ್ಣ ಆಸೆ. ಚಿತ್ರ ಬಂತು. ನೀರಿನವರದು ಒಂದು ಗುಂಪು, ಹಕ್ಕಿಯವರದು ಇನ್ನೊಂದು, ನಡುವೆ ಗೆರೆಯೇ ಇಲ್ಲ. ಮೂಲೆಯಲ್ಲಿ ನನ್ನ ಚುಕ್ಕಿ. ಅದಕ್ಕಿದ್ದದ್ದು ಒಂದೇ ಗೆರೆ, ಅದೂ ನಾನೇ ಬರೆದುಕೊಂಡದ್ದು.

ಆದರೆ ನಮೂನೆಗಳನ್ನು ಮತ್ತೆ ತಿರುವಿದಾಗ, ಒಂದರ ಹಿಂದೆ ಒಂದರಂತೆ ಅಂಚಿನಲ್ಲಿ ಅದೇ ಹೆಸರು ಕಂಡಿತು: ರತ್ನಮ್ಮ. ಸರ್ವರಿಗೆ ಮಾಹಿತಿ ತುಂಬಿಸಲು ಗುತ್ತಿಗೆಯ ಮೇಲಿದ್ದ ಅಲ್ಲಾಳಸಂದ್ರದ ಹೆಂಗಸು. ವಿಜ್ಞಾನಿಯಲ್ಲವೆಂದು ನಾನು ಪಟ್ಟಿಗೇ ಸೇರಿಸಿರಲಿಲ್ಲ. ಸರ್ವರ್ ಮುಚ್ಚಿದರೆ ಆಕೆಯ ಕೆಲಸವೂ ಹೋಗುತ್ತಿತ್ತು. ನಾಚಿಕೆಯಾಯಿತು, ಎದ್ದು ಅವರ ಮೇಜಿನ ಬಳಿ ಹೋದೆ.

"ನೀವು ಇವರಿಗೆಲ್ಲ ಏನ್ ಮಾಡಿಕೊಡ್ತೀರಾ ರತ್ನಮ್ಮ?"

"ನಾನೇನ್ ಮಾಡ್ಲಿ ಮೇಡಂ? ಒಂದೇ ಕೆರೆಗೆ ಮೂರ್ ಎಸ್ರು ಇಕ್ಕವ್ರೆ. ನೀರಿನೋರು ಊರಿನ್ ಎಸ್ರು ಬರೀತಾರೆ, ಅಕ್ಕಿಯೋರು ಲೇಔಟ್ ಎಸ್ರು, ಇನ್ನೊಬ್ರು ಬರೀ ನಂಬರು. ಕಂಪ್ಯೂಟರ್‌ಗೇನ್ ಗೊತ್ತು? ನಾನು ಇಲ್ಲೇ ಉಟ್ಟಿ ಬೆಳ್ದೋಳು. ಇದೂ ಅದೂ ಒಂದೇ ಸಾರ್ ಅಂತ ಫೋನ್ ಮಾಡಿ ಏಳ್ತೀನಿ, ಅಷ್ಟೇಯ."

ಅಷ್ಟೇ! ಆ ಫೋನು ಇಲ್ಲದಿದ್ದರೆ ನಮ್ಮ ದಾಖಲೆಯಲ್ಲಿ ಹಕ್ಕಿಗಳು ಒಂದು ಕೆರೆಯಿಂದ ಹಾರಿಹೋಗುತ್ತಿದ್ದವು, ನೀರು ಇನ್ನೊಂದರಲ್ಲಿ ಕೆಡುತ್ತಿತ್ತು. ಎರಡೂ ಒಂದೇ ಕೆರೆಯ ಕಥೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಸ ಚಿತ್ರದಲ್ಲಿ ನಡುವೆ ಬಂದು ಕೂತ ಚುಕ್ಕಿ ಎಷ್ಟು ದಪ್ಪವಿತ್ತೆಂದರೆ ಸಭೆಯಲ್ಲಿ ರತ್ನಮ್ಮ ಸೆರಗು ಸರಿಮಾಡಿಕೊಂಡರು. "ಯಾಕ್ ಮೇಡಂ ನನ್ನನ್ನ ಇಷ್ಟ್ ದಪ್ಪ ಬರ್ದಿದ್ದೀರಾ?"

ನಿರ್ದೇಶಕರು ನಗಲಿಲ್ಲ. "ಇವರು ನಾಲ್ಕು ದಿನ ರಜ ಹಾಕಿದ್ರೆ?" ಎಂದರು.

ಸರ್ವರ್ ಉಳಿಯಿತು, ರತ್ನಮ್ಮನ ಗುತ್ತಿಗೆಯೂ ಮುಂದುವರಿಯಿತು. ಪ್ರತಿ ಗುರುವಾರ ಮಧ್ಯಾಹ್ನ ಎರಡೂ ತಂಡದವರು ಅವರ ಮುಂದೆ ಕೂತು ಕೆರೆಗಳ ಹೆಸರಿನ ಪಟ್ಟಿ ಮಾಡತೊಡಗಿದರು. ಒಂದೇ ಕಾರಿಡಾರಿನಲ್ಲಿ ವರ್ಷಗಟ್ಟಲೆ ತಲೆಯಾಡಿಸಿಕೊಂಡು ಓಡಾಡಿದ್ದ ಇಬ್ಬರು ಪ್ರೊಫೆಸರುಗಳು ಪರಸ್ಪರರ ಹೆಸರು ಕೇಳಿ ತಿಳಿದುಕೊಂಡದ್ದು ಅಲ್ಲಿಯೇ.

ಆರು ತಿಂಗಳ ಮೇಲೆ ಮತ್ತೆ ಚಿತ್ರ ಬಿಡಿಸಿದೆ. ಎರಡು ಗುಂಪುಗಳ ನಡುವೆ ನೇರ ಗೆರೆಗಳು ಎಲ್ಲೆಲ್ಲೂ ಹಬ್ಬಿದ್ದವು, ರತ್ನಮ್ಮನ ಚುಕ್ಕಿ ಸಣ್ಣದಾಗಿತ್ತು. ತೋರಿಸಲು ಅಳುಕಿದೆ. ಅವರು ನೋಡಿ ನಕ್ಕುಬಿಟ್ಟರು. "ಸದ್ಯ! ಇನ್ನಾದ್ರೂ ಮಾಕಳಿಗೋಗಿ ತಂಗಿ ಮನೇಲಿ ನಾಲ್ಕ್ ದಿನ ಇದ್ದು ಬರ್ತೀನಿ."

ಹೋದರು. ಮೊದಲ ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಬೆಳಿಗ್ಗೆ ಫೋನು ಬಂತು.

"ಏನ್ ಮೇಡಂ, ಯಾರೂ ಫೋನೇ ಮಾಡ್ಲಿಲ್ಲ. ಎಲ್ಲಾ ಸರಿಗೈತೆ ತಾನೆ?"

"ಎಲ್ಲಾ ಸರಿಯಾಗಿದೆ ರತ್ನಮ್ಮ, ಆರಾಮಾಗಿರಿ."

"ಓ... ಅಂಗಾದ್ರೆ ಸರಿ ಬುಡಿ." ದನಿ ಇಳಿದುಹೋಯಿತು.

ನಾನು ತಡಮಾಡಲಿಲ್ಲ. "ಅಲ್ಲಾ, ಅಮೃತಹಳ್ಳಿ ಕಡೆಯ ಒಂದು ಕೆರೆದೇ ಸ್ವಲ್ಪ ಗೊಂದಲ ಆಗಿದೆ ನೋಡಿ..." ಎಂದು ಅಪ್ಪಟ ಸುಳ್ಳು ಹೇಳಿದೆ.

"ಯಾವ್ದು ಮೇಡಂ? ಏಳಿ, ಏಳಿ!" ಎಂದರು ರತ್ನಮ್ಮ. ಆಚೆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.