ಫರ್ಸಿ ಮನೆಯಲ್ಲಿ ಎರಡು ವಾಲ್ವ್ ಪೆಟ್ಟಿಗೆ

ಶಹಾಬಾದಿನ ಅಣ್ಣನ ಮನೆಯ ಪಡಸಾಲೆಯಲ್ಲಿ ಆ ಭಾನುವಾರ ನಾವು ನಾಲ್ಕು ಜನ ಇದ್ದೆವು. ಗಿಟಾರು ತೊಡೆಯ ಮೇಲಿಟ್ಟುಕೊಂಡ ಅಣ್ಣ, ಬಾಗಿಲಿಗೆ ಒರಗಿ ನಿಂತ ಅವನ ಹೆಂಡತಿ, ನಮ್ಮ ವೈನಿ, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಮತ್ತೆ ಕೂತಲ್ಲಿ ಕೂರಲಾಗದೆ ಏಳುತ್ತ ಕೂರುತ್ತ ಇದ್ದ ನಾನು. ನಮ್ಮ ನಡುವೆ ಎರಡು ಗಿಟಾರ್ ಆಂಪ್ಲಿಫೈಯರುಗಳು. ಎರಡೂ ವಾಲ್ವಿನವು, ಹಳೆಯ ರೇಡಿಯೋಗಳ ಹೊಟ್ಟೆಯಲ್ಲಿ ಕೆಂಪಗೆ ಬೆಳಗುತ್ತಿದ್ದವಲ್ಲ, ಅಂಥ ಗಾಜಿನ ಬುರುಡೆಗಳಿಂದ ನಡೆಯುವಂಥವು. ದೊಡ್ಡದು ನನ್ನದು. ಸಣ್ಣದನ್ನು ಹಿಂದಿನ ದಿನವಷ್ಟೇ ಹೈದರಾಬಾದಿನ ವಾದ್ಯಗಾರರೊಬ್ಬರಿಂದ ಕೊಂಡು, ಬುರುಡೆ ಒಡೆದೀತೆಂದು ರೈಲಿನಿಂದ ವಾಡಿಯಲ್ಲಿ ಇಳಿಯುವ ತನಕ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದೆ.

"ಇಷ್ಟು ಬೆಳಕಿಗಿ ಇಷ್ಟು ದೊಡ್ಡ ಪೆಟ್ಟಿಗಿ ಯಾಕಬೇ?" ಅಂದಳು ಆಯಿ, ಹಿಂದಿನಿಂದ ಬುರುಡೆ ಇಣುಕಿ ನೋಡಿ. "ನಮ್ಮ ಚಿಮಣಿ ಬುಡ್ಡಿನೇ ಚೊಲೊ ಇತ್ತು."

"ಇದು ಬೆಳಕಿಗಲ್ಲ ಆಯಿ, ಧ್ವನಿಗಿ."

"ಧ್ವನಿ ಇಲ್ಲೇನು ಕಮ್ಮಿ ಅದ? ನಿಮ್ಮಣ್ಣನ ಕಿವ್ಯಾಗ ಹಗಲೂ ರಾತ್ರಿ ಸೀಟಿ ಹೊಡೀಲಿಕತ್ತದಂತ."

ನಾವು ನಕ್ಕೆವು. ವೈನಿ ನಗಲಿಲ್ಲ.

ಅಣ್ಣನದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕಸುಬು. ಕಲ್ಲು ಕೊಯ್ಯುವ, ಉಜ್ಜುವ ಯಂತ್ರಗಳ ನಡುವೆ ಕಿವಿಗೆ ಒಂದು ಚೂರು ಹತ್ತಿ ಕೂಡ ಇಟ್ಟುಕೊಳ್ಳದೆ ಪ್ರಾಯ ಕಳೆದವನು. ಆ ವರ್ಷ ಎರಡೂ ಕಿವಿಯಲ್ಲಿ ಸಣ್ಣಗೆ ಸೀಟಿ ಶುರುವಾಗಿ ನಿಲ್ಲಲೇ ಇಲ್ಲ. ಕಲಬುರಗಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ, ಜೋರು ಸದ್ದಿನಿಂದ ದೂರ ಇರಿ ಎಂದಿದ್ದರು. ಯಂತ್ರದ ಹತ್ತಿರ ಅಣ್ಣ ಕಿವಿಗೆ ಮುಚ್ಚಳ ಹಾಕತೊಡಗಿದ. ಗಿಟಾರು ಮಾತ್ರ ಬಿಡಲಾರದಾದ. ನನಗೆ ಗಿಟಾರಿನ ಮೊದಲ ಮೂರು ಕಾರ್ಡು ಹಿಡಿಯಲು ಕಲಿಸಿದವನು ಅವನೇ. ಗಿರಾಕಿ ಜಗಳ ಆಡಿ ಹೋದ ದಿನವೂ, ಲಾರಿ ಬರದ ದಿನವೂ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಿಟಾರು ತೆಗೆಯುವ ಮನುಷ್ಯ.

"ಈಗೇ ಹೇಳ್ತೀನಿ ಟೀಚರಬಾಯಿ," ವೈನಿ ನನ್ನ ಕಡೆ ಬೆರಳು ಮಾಡಿದರು. ಚಿತ್ತಾಪುರದ ಶಾಲೆಯಲ್ಲಿ ನಾನು ಕಲಿಸುತ್ತೇನಾದ್ದರಿಂದ ಅವರ ಸಿಟ್ಟಿಗೂ ಅಕ್ಕರೆಗೂ ಅದೇ ಹೆಸರು. "ಸೀಟಿ ಜರಾ ಹೆಚ್ಚಾದರೂ ಗಿಟಾರು ಅಟ್ಟಕ್ಕ ಹೋಗ್ತದ. ನಿಮ್ಮಣ್ಣನೂ ಅದರ ಸಂಗಡ ಏರಿ ಕುಂದರಲಿ."

ಮುಂದಿನ ವಾರ ಸುಲೇಪೇಟದಲ್ಲಿ, ಅಣ್ಣನೂ ನಾನೂ ನುಡಿಸುವ ತಂಡದ ಡ್ರಮ್ ಬಾರಿಸುವವರ ಮಗಳ ಮದುವೆ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮೊದಲು ನಾವು ನುಡಿಸಬೇಕು. ಅಣ್ಣ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದ. ಅದಕ್ಕೇ ಈ ಸಣ್ಣ ಪೆಟ್ಟಿಗೆ, ಅದಕ್ಕೇ ನನ್ನ ಈ ಚಡಪಡಿಕೆ.

ವಾಲ್ವಿನ ಆಂಪಿಗೆ ಒಂದು ಸ್ವಭಾವ ಉಂಟು: ದುಡಿಸಿದರೇ ಹಾಡುತ್ತದೆ. ದೊಡ್ಡದನ್ನು ಮೆಲ್ಲಗೆ ಇಟ್ಟರೆ ನಿದ್ದೆಗಣ್ಣಿನ ಮಾತಿನ ಹಾಗೆ ಸಪ್ಪಗೆ. ದುಡಿಸಿದರೆ ಎದೆಗೆ ಗುದ್ದುವಷ್ಟು ಜೋರು. ಸಣ್ಣದು ಬೆವರು ಕಿತ್ತು ಬರುವಂತೆ ದುಡಿದರೂ ಪಕ್ಕದಲ್ಲಿ ಕೂತವರು ಮಾತಾಡಬಹುದು. ಅಣ್ಣನ ಕಿವಿಗೆ ಸಣ್ಣದೇ ಸರಿ ಎಂದು ತಿಳಿದಿತ್ತು. ಆದರೆ ಗಿಟಾರೂ ಒಪ್ಪಬೇಕಲ್ಲ. ನನ್ನದು ಗಟ್ಟಿಮರದ್ದು, ಹರಿತವಾದ ತೆಳು ಧ್ವನಿ. ಅವನದು ಹೊಟ್ಟೆ ಪೊಳ್ಳಿದ್ದದ್ದು, ದಪ್ಪ ಧ್ವನಿ. ದೊಡ್ಡ ಆಂಪಿನ ಮುಂದೆ ಕೂತರೆ ತಾನಾಗಿಯೇ ಊಳಿಡತೊಡಗುತ್ತದೆ.

ನನ್ನ ಗಿಟಾರನ್ನು ಸಣ್ಣದಕ್ಕೆ ಹಾಕಿದೆವು. ಆಯಿ ಮೊರ ಬಿಟ್ಟು ಕಿವಿ ಮುಚ್ಚಿಕೊಂಡಳು. ಅಣ್ಣನದನ್ನು ದೊಡ್ಡದಕ್ಕೆ ಹಾಕಿದೆವು. ಅದು ಊಳಿಟ್ಟಿತು, ವೈನಿ ಒಳಗೆ ಹೋಗಿಬಿಟ್ಟರು. ಆಂಪಿನ ವೈರು ಅದಲುಬದಲು ಮಾಡಿದೆವು. ಅವನ ದಪ್ಪ ಧ್ವನಿ ಸಣ್ಣ ಪೆಟ್ಟಿಗೆಯಿಂದ ಹೊರಟಾಗ ಮಾತ್ರ ಆಯಿ ಕಿವಿಯಿಂದ ಕೈ ತೆಗೆದಳು. ಚೆನ್ನಾಗಿತ್ತು. ಇನ್ನೂ ತುಸು ಚುಚ್ಚುತ್ತಿತ್ತು. ಹರಿತದ ಗುಂಡಿಯನ್ನು ಪೂರ್ತಿ ಇಳಿಸಿದೆ. ಈಗ ಬೆಣ್ಣೆ. ಗುಂಡಿಗಳು ಅಲುಗದಂತೆ ಟೇಪು ಹಚ್ಚಿದೆ.

"ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ," ಅಂದ ಅಣ್ಣ, ಕಣ್ಣು ಮುಚ್ಚಿ ನುಡಿಸುತ್ತ.

ನಮಗೆ ಹೊಳೆಯದ ಸಂಗತಿ ಕಾಲಕೆಳಗೇ ಇತ್ತು. ಆ ಮನೆ ಅಣ್ಣ ತನ್ನ ಕಲ್ಲಿನಿಂದಲೇ ಕಟ್ಟಿಸಿದ್ದು. ನೆಲ ಫರ್ಸಿ, ಗೋಡೆ ಫರ್ಸಿ, ಮಾಳಿಗೆಗೂ ಫರ್ಸಿ. ಬಂದವರಿಗೆಲ್ಲ ಬೂಟು ಬಿಡಿಸಿ ನೆಲದ ತಂಪು ತೋರಿಸುವಷ್ಟು ಅಭಿಮಾನ ಅವನಿಗೆ. ಅಂಥ ಕೋಣೆಯಲ್ಲಿ ಚಮಚ ಬಿದ್ದರೂ ಗಂಟೆ ಬಾರಿಸಿದ ಹಾಗೆ. ಅಲ್ಲಿ ನಾವು ಕೇಳಿದ್ದರಲ್ಲಿ ಅರ್ಧ ಪೆಟ್ಟಿಗೆಯದು, ಅರ್ಧ ಕಲ್ಲಿನದು.

ಮದುವೆಯ ದಿನ ಜೀಪಿನಲ್ಲಿ ಹೊರಟೆವು. ದಂಡೋತಿಯ ಸೇತುವೆ ದಾಟಿ ಸೇಡಂ ಮುಟ್ಟುವುದರೊಳಗೆ ನಾನು ಹಿಂದೆ ತಿರುಗಿ ತಿರುಗಿ ಪೆಟ್ಟಿಗೆ ನೋಡುತ್ತಿದ್ದೆ. "ಹಿಂದ ಏನು ಎಮ್ಮಿ ಕಟ್ಟೀದಿ?" ಅಂತ ಅಣ್ಣ ಗೇಲಿ ಮಾಡಿದ.

ಸುಲೇಪೇಟದಲ್ಲಿ ಮದುವೆ ಬಯಲಿನಲ್ಲಿ. ಮಣ್ಣಿನ ನೆಲ, ಸುತ್ತ ಬಟ್ಟೆಯ ಪರದೆ, ಮೇಲೆ ಬಟ್ಟೆಯ ಮಂಟಪ. ಮೊದಲ ಹಾಡಿಗೇ ಎಡವಟ್ಟು ಗೊತ್ತಾಯಿತು. ಅಣ್ಣನ ಬೆರಳು ಓಡುತ್ತಿದ್ದವು, ಧ್ವನಿ ಕೌದಿ ಹೊದ್ದು ಮಲಗಿದಂತಿತ್ತು. ಅವನು ಬಗ್ಗಿ ಸದ್ದಿನ ಗುಂಡಿಯ ಟೇಪು ಕಿತ್ತು ಏರಿಸಿದ. ಡ್ರಮ್ಮಿನ ಮುಂದೆ ಅದೂ ಸಾಲಲಿಲ್ಲ. ಎರಡನೆಯ ಹಾಡಿಗೆ ಇನ್ನಷ್ಟು ಏರಿಸಿದ. ಅಷ್ಟರಲ್ಲಿ ಗುಂಡಿ ಕೊನೆ ಮುಟ್ಟಿತ್ತು. ಹಾಡು ನಿಂತೊಡನೆ ಗಿಟಾರಿನ ವೈರು ಕಿತ್ತುಕೊಂಡು ನನ್ನ ದೊಡ್ಡ ಆಂಪಿನ ಹತ್ತಿರ ಬಂದ.

"ಇನ್ನೊಂದು ತೂತು ಖಾಲಿ ಅದಲ್ಲ, ಇದರಾಗೇ ಹಾಕ್ತೀನಿ ಸರಿ."

"ಬ್ಯಾಡಣ್ಣ! ಇದು ಕಿವಿ ಹರೀತದ."

"ನನಗ ನಂದೇ ಕೇಳವಲ್ದು ತಂಗಿ. ಕೇಳದೇ ಹ್ಯಾಂಗ ನುಡಸ್ಲಿ? ಒಂದ್ ದಿನಕ್ಕ ಏನಾಗ್ತದ?"

ಮಂಟಪದ ಕಂಬದ ಹತ್ತಿರ ವೈನಿ ನಿಂತಿದ್ದರು. ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ನಾನು ಅವನ ಕೈಯಿಂದ ವೈರು ಕಸಿದುಕೊಂಡೆ. ಸಣ್ಣ ಪೆಟ್ಟಿಗೆಯನ್ನು ಮಣ್ಣಿನಿಂದ ಎತ್ತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅವನ ಪಕ್ಕಕ್ಕೇ ಇಟ್ಟೆ. ಉಳಿದ ಟೇಪು ಕಿತ್ತು ಹರಿತದ ಗುಂಡಿಯನ್ನು ಮೇಲಕ್ಕೆ ತಿರುಗಿಸಿದೆ. ಕಲ್ಲು ಕೊಡುತ್ತಿದ್ದ ಹರಿತವನ್ನು ಇಲ್ಲಿ ಪೆಟ್ಟಿಗೆಯೇ ಕೊಡಬೇಕಿತ್ತು. ಸದ್ದಿನ ಗುಂಡಿಯನ್ನು ಅರ್ಧಕ್ಕೆ ಇಳಿಸಿದೆ. ಜನರಿಗೆ ಕೇಳಿಸಬೇಕಲ್ಲ, ಅದಕ್ಕೆ ಆಯೇರಿಯ ಉಡುಗೊರೆ ಕೊಟ್ಟವರ ಹೆಸರು ಕೂಗುತ್ತಿದ್ದ ಹಿರಿಯರ ಮುಂದಿನ ಮೈಕು ಎತ್ತಿಕೊಂಡು ಬಂದು ಪೆಟ್ಟಿಗೆಯ ಬಾಯಿಗೆ ಹಿಡಿಸಿದೆ.

"ಬಾಯೋರ, ನನ್ನ ಮೈಕು ಎಲ್ಲಿ ಒಯ್ಲಿಕತ್ತೀರಿ? ಇನ್ನ ಬೀಗರ ಹೆಸರೇ ಬಂದಿಲ್ಲ!"

"ಜರಾ ನಿಂದರ್ರಿ ಕಾಕಾ, ಬೀಗರು ಎಲ್ಲೂ ಓಡಿಹೋಗಲ್ಲ."

ಜನ ನಕ್ಕರು. ನನ್ನ ದೊಡ್ಡ ಆಂಪಿನ ಮುಖವನ್ನು ಪರದೆಯ ಕಡೆ ತಿರುಗಿಸಿ ಅದರ ಸದ್ದನ್ನೂ ಇಳಿಸಿದೆ. ನನ್ನ ಗಿಟಾರು ಸಪ್ಪಗಾಯಿತು. ಆಗಲಿ. ಮೂರನೆಯ ಹಾಡಿನಲ್ಲಿ ಅಣ್ಣನ ದಪ್ಪ ಧ್ವನಿ ಬಯಲಿಗೆ ಹರಡಿತು. ಅವನ ಪಕ್ಕದಲ್ಲಿ ಅದು ಊಟದ ಪಂಕ್ತಿಯ ಮಾತಿನಷ್ಟೇ ಇತ್ತು. ಅವನ ಕೈ ಮತ್ತೆ ಗುಂಡಿಯ ಕಡೆ ಹೋಗಲಿಲ್ಲ. ಅಕ್ಕಿಕಾಳು ಬೀಳುವ ತನಕ ನುಡಿಸಿದೆವು.

ತಿರುಗಿ ಬರುವಾಗ ವೈನಿ ಕೇಳಿದರು, "ಏನ್ರಿ, ಹ್ಯಾಂಗದ ಕಿವಿ?"

"ಈಗ ಜೀಪಿಂದೇ ಕೇಳ್ಲಿಕತ್ತದ. ಮನಿಗಿ ಹೋಗಿ ಸುಮ್ಮ ಕುಂತ ಮ್ಯಾಲ ಹೇಳ್ತೀನಿ."

ಮೊದಲ ಎರಡು ಹಾಡಿಗೆ ಅವನು ಸದ್ದು ಏರಿಸಿದ್ದು ನನ್ನ ತಲೆಯಿಂದ ಹೋಗಲೊಲ್ಲದಾಯಿತು. ಮರುದಿನ ಶಾಲೆಯಲ್ಲಿ ಬಿಡುವು ಸಿಕ್ಕಾಗಲೆಲ್ಲ ಫೋನು ಮಾಡಿದೆ, ಅವನು ಎತ್ತಲಿಲ್ಲ. ಮಕ್ಕಳಿಗೆ ಗುಣಾಕಾರ ಹೇಳಿಕೊಡುತ್ತ ಒಂದೇ ಲೆಕ್ಕವನ್ನು ಎರಡು ಸಲ ಬರೆದೆ. ಸಂಜೆ ಅವನೇ ಮಾಡಿದ. "ಕಿವಿಗಿ ಮುಚ್ಚಳ ಹಾಕಿದ್ನಲ್ಲೇ, ಫೋನ್ ಹ್ಯಾಂಗ ಕೇಳ್ತದ? ಸೀಟಿ ಇದ್ದಷ್ಟೇ ಅದ ಅನಸ್ತದ." ಆ "ಅನಸ್ತದ" ನನ್ನನ್ನು ಇನ್ನಷ್ಟು ಕುಣಿಸಿತು.

ಆಮೇಲೆ ನಾವು ಫರ್ಸಿ ಮನೆಯಲ್ಲಿ ಆಂಪು ಹಚ್ಚುವುದನ್ನು ಬಿಟ್ಟೆವು. ಚಿತ್ತಾಪುರದಲ್ಲಿ ನನ್ನ ಮನೆಯ ಹಿಂದೆ ವ್ಯಾಪಾರಿಯೊಬ್ಬರ ತೊಗರಿ ಗೋದಾಮಿನಲ್ಲಿ, ಚೀಲದ ರಾಶಿಗಳ ನಡುವೆ, ಎರಡು ಪೆಟ್ಟಿಗೆಗಳನ್ನೂ ಮೊದಲಿನಿಂದ ಹೊಂದಿಸಿದೆವು. ಅಲ್ಲಿ ಚೀಲಗಳು ಸದ್ದು ನುಂಗುತ್ತವೆ, ಪೆಟ್ಟಿಗೆ ಕೊಟ್ಟದ್ದಷ್ಟೇ ಕಿವಿಗೆ ಬರುತ್ತದೆ. ನನ್ನ ದೊಡ್ಡದರಲ್ಲಿ ದಪ್ಪ ಹೆಚ್ಚು, ಅವನ ಸಣ್ಣದರಲ್ಲಿ ಹರಿತ ಹೆಚ್ಚು. ಹಾಗಿಟ್ಟಾಗ ನನ್ನ ತೆಳು ಗಿಟಾರಿಗೆ ಮೈ ಬಂತು, ಅವನ ದಪ್ಪ ಗಿಟಾರಿಗೆ ಮಾತು ಸ್ಪಷ್ಟವಾಯಿತು. ಎರಡು ಭಾನುವಾರ ಹಾಗೇ ನುಡಿಸಿದೆವು. ವೈನಿ ಎರಡು ಸಲವೂ ಬಂದು ಚೀಲದ ಮೇಲೆ ಕೂತು ಅವನ ಮುಖವನ್ನೇ ನೋಡಿದರು.

ಮುಂದಿನ ತಿಂಗಳು ಅವರಿಬ್ಬರೂ ಕಲಬುರಗಿಗೆ ಹೋದರು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಕಿವಿ ಹಿಂದಿನ ಸಲ ಇದ್ದಷ್ಟೇ ಇತ್ತು. ವೈನಿ ಆಸ್ಪತ್ರೆಯ ಬಾಗಿಲಿನಿಂದಲೇ ನನಗೆ ಫೋನು ಮಾಡಿ, ಭಾನುವಾರಕ್ಕೆ ಗೋದಾಮಿನ ಕೀಲಿ ಇಸಕೊಂಡು ಇಡಲು ಹೇಳಿದರು.