ಶಿವಾನಂದ ನನ್ನನ್ನು ಅಕ್ಕ ಎನ್ನುವುದನ್ನು ಬಿಟ್ಟದ್ದು

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಹತ್ತಿರ, ಗುಡ್ಡವ್ವನ ಖಾನಾವಳಿಯಲ್ಲಿ ನಾನು ರೊಟ್ಟಿ ಬಡಿಯುತ್ತೇನೆ. ನನ್ನ ಗಂಡ ಶಿವಾನಂದ ಅದನ್ನು ಬಡಿಸುತ್ತಾನೆ. ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ. ಈ ಹೆಸರು ಹಿಡಿದು ಕರೆಯಲು ನಾವಿಬ್ಬರೂ ಪಟ್ಟ ಪಾಡು ನನಗೇ ಗೊತ್ತು.

ಗುಡ್ಡವ್ವನದು ಒಂದು ಕಟ್ಟಳೆ. ಹಿಂದೊಮ್ಮೆ ಪಲ್ಯ ಮಾಡುವವಳೂ ನೀರು ಕೊಡುವವನೂ ಸಂತೆಯ ದಿನವೇ ಜೋಡಿಯಾಗಿ ಓಡಿಹೋಗಿದ್ದರಂತೆ. ಗಿರಾಕಿಗಳು ಬರೀ ರೊಟ್ಟಿ, ಕೆಂಪು ಚಟ್ನಿ ತಿಂದು ಬೈದು ಹೋದರು. ಅಂದಿನಿಂದ ಕೆಲಸಕ್ಕೆ ಬಂದವರಿಗೆಲ್ಲ ಅವಳದು ಒಂದೇ ಮಾತು: "ಇಲ್ಲಿ ಎಲ್ಲಾರೂ ಅಕ್ಕ-ತಮ್ಮ. ಹಂಗ ಕರೀರಿ, ಹಂಗ ಇರ್ರಿ. ಇಲ್ಲಂದ್ರ ಇಬ್ರೂ ಮನಿಗೆ ನಡೀರಿ."

ಮೊದಲ ಗಂಡ ಸತ್ತು, ತವರಿನಲ್ಲೂ ಯಾರೂ ಇಲ್ಲದೆ ಬಂದ ನನಗೆ ಈ ಕೆಲಸವೇ ಗತಿ. ಮಗಳು ಜ್ಯೋತ್ಸ್ನಾ ಹಾವೇರಿಯಲ್ಲಿ ನರ್ಸಿಂಗ್ ಓದುತ್ತಿದ್ದದ್ದು ಇದೇ ರೊಟ್ಟಿಯ ಮೇಲೆ. ಕುಪ್ಪೇಲೂರಿನಿಂದ ಬಸ್ಸಿಗೆ ಬರುತ್ತಿದ್ದ ಶಿವಾನಂದನೂ ಹೆಂಡತಿ ಸತ್ತವನು, ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಆದರೂ ಅವನು, "ಗೋದಕ್ಕಾ, ಎರಡು ಖಡಕ್, ಒಂದು ಮೆತ್ತಗಿಂದು" ಎನ್ನಬೇಕು. ನಾನು, "ತಡೀಪಾ ತಮ್ಮಾ" ಎನ್ನಬೇಕು.

ಒಂದು ಬೇಸಿಗೆ ಹಂಚು ತಾಗಿ ನನ್ನ ಅಂಗೈ ಸುಟ್ಟಿತು. ಶಿವಾನಂದ ಕೇಳದೆ ಬಂದು ಕೂತು ಹಿಟ್ಟು ನಾದಿದ. ಅವನ ರೊಟ್ಟಿ ಒಂದೂ ದುಂಡಗಿರಲಿಲ್ಲ. ನಾನು ಬೈದೆ, ಅವನು ನಕ್ಕ. ಗಾಯ ಮಾಯುವವರೆಗೂ ಹೀಗೇ ನಡೆಯಿತು. ಆಮೇಲೆ ಅವನ ಬಾಯಿಂದ ಅಕ್ಕ ಎಂಬುದೇ ಹೋಯಿತು. ಅಡುಗೆಮನೆಯ ಬಾಗಿಲಿಗೆ ಬಂದು, ಗೋಡೆಗೆ ಹೇಳಿದಂತೆ "ಎರಡು ಖಡಕ್" ಎನ್ನುವನು.

ನನಗೆ ಹೆದರಿಕೆಯಾಯಿತು. ಹೆದರಿದರೆ ನನಗೆ ಸಿಟ್ಟೇ ಬರುವುದು.

"ಯಾಕ, ನನಗ ಹೆಸರಿಲ್ಲೇನು?" ಎಂದೆ.

"ಐತಿ. ಆದ್ರ ಅಕ್ಕ ಅನ್ನಾಕ ಬಾಯಿ ಬರವಲ್ದು."

ನಾನೂ ಅವನನ್ನು ತಮ್ಮ ಎನ್ನದೆ ಎಷ್ಟೋ ದಿನವಾಗಿತ್ತೆಂದು ಆಗ ತಿಳಿಯಿತು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

ವಾಸನೆಗೆ ಗುಡ್ಡವ್ವ ಒಳಗೆ ಬಂದಳು. ನನ್ನ ಕೈಯಲ್ಲಿ ರೊಟ್ಟಿ ಎಂದೂ ಹೊತ್ತಿದ್ದಿಲ್ಲ. ಅವಳು ರೊಟ್ಟಿ ನೋಡಿದಳು, ನಮ್ಮನ್ನು ನೋಡಿದಳು. "ಏನ್ ನಡದೈತಿ?"

ಶಿವಾನಂದ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. "ಇವರಿಗೆ ಅಕ್ಕ ಅನ್ನಾಕ ನನ್ನ ಕಡೆ ಆಗೂದಿಲ್ರಿ. ನಾ ಕೆಲಸ ಬಿಡ್ತೇನಿ. ಗೋದೂಬಾಯಿನ್ನ ಬಿಡಸಬ್ಯಾಡ್ರಿ."

ಅವನ ಬಾಯಲ್ಲಿ ಅಕ್ಕ ಇಲ್ಲದ ನನ್ನ ಹೆಸರನ್ನು ಅಂದೇ ಮೊದಲು ಕೇಳಿದ್ದು. "ನನಗೂ ತಮ್ಮ ಅನ್ನಾಕ ಆಗೂದಿಲ್ರಿ" ಎಂದುಬಿಟ್ಟೆ.

ಗುಡ್ಡವ್ವ ಮಣೆಯ ಮೇಲೆ ಕೂತು, ಹೊತ್ತಿದ ರೊಟ್ಟಿಯನ್ನೇ ಮುರಿದು ತಿನ್ನತೊಡಗಿದಳು. ಅರ್ಧ ತಿಂದ ಮೇಲೆ ಬಾಯಿಬಿಟ್ಟಳು.

"ಅವರು ಓಡಿ ಹೋದ್ರು. ನೀವು ಎದುರಿಗೆ ನಿಂತು ಹೇಳಾಕತ್ತೀರಿ. ಲಗ್ನ ಆಗ್ರಿ. ಸಂತಿ ದಿನಾ ಮಾತ್ರ ಬ್ಯಾಡ."

ಕಾಗಿನೆಲೆಯ ಗುಡಿಯಲ್ಲಿ ಹಾರ ಬದಲಿಸಿಕೊಂಡೆವು. ತವರಿನ ಕಡೆಯವಳಾಗಿ ನಿಂತು ನನಗೆ ಸೀರೆ ಉಡಿಸಿದವಳೂ ಗುಡ್ಡವ್ವನೇ.

ಈಗ ಶಿವಾನಂದ ಗಿರಾಕಿಗಳ ಮುಂದೆಯೇ "ಗೋದಾ, ಎರಡು ಖಡಕ್" ಎಂದು ಕೂಗುತ್ತಾನೆ. ದಿನಾ ಹಂಚಿನಿಂದಿಳಿದ ಮೊದಲ ರೊಟ್ಟಿ ಗುಡ್ಡವ್ವನ ತಾಟಿಗೆ. ಅವಳ ಋಣ ರೊಟ್ಟಿಯಿಂದ ತೀರುವಂಥದ್ದಲ್ಲ. ಆದರೆ ನನಗೆ ಬರುವುದು ಅದೊಂದೇ. ಅವಳು ಮುರಿದು ಬಾಯಿಗಿಟ್ಟು, ಬೇಕೆಂದೇ ಮುಖ ಕಿವಿಚಿ ಹೇಳುತ್ತಾಳೆ:

"ಚಲೋ ಐತಿ. ಆದ್ರ ಅವತ್ತಿನ ಹೊತ್ತಿದ ರೊಟ್ಟಿ ಇದಕ್ಕಿಂತ ರುಚಿ ಇತ್ತು, ಮಗಳ."